ಹನ್ನೊಂದು ತಿಂಗಳ ಮೈಲೇಜು

ಇಷ್ಟಕ್ಕೆಲ್ಲ ಕಾರಣ ಒಂದು ಬಿಳಿ ಲಕೋಟೆ. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ನಮ್ಮ ಗುಮಾಸ್ತ ಕಾರಿನ ಬುಕಿಂಗ್ ಫಾರಂ, ಮುಂಗಡದ ಚೆಕ್ಕು ಎರಡನ್ನೂ ಅದರೊಳಗೆ ತುರುಕಿ, ಅಂಟಿಸಿ, ಮೇಲೆ ಷೋರೂಮಿನ ವಿಳಾಸವನ್ನು ಪಿನ್‌ಕೋಡ್ ಸಮೇತ ಬರೆದು ಮೇಜಿನ ಮೇಲಿಟ್ಟ. ಷೋರೂಮು ಇದ್ದದ್ದು ಮೂರೇ ಬೀದಿಯಾಚೆ. ಕೈಯಾರೆ ಕೊಡುವ ಲಕೋಟೆಗೆ ವಿಳಾಸ ಯಾಕೆ? ಇಪ್ಪತ್ತು ವರ್ಷದ ಅಭ್ಯಾಸ, ಕೈ ಮಾತು ಕೇಳಬೇಕಲ್ಲ!

ಹನ್ನೊಂದು ತಿಂಗಳಿಂದ ಅವನಿಗೆ ಕಾರಿನದೇ ಧ್ಯಾನ. ಖಾಲಿ ಬಿದ್ದಿದ್ದ ಪತ್ರದ ಗೂಡುಗಳಲ್ಲಿ ಹದಿನಾಲ್ಕು ಕಾರುಗಳ ಕರಪತ್ರ ಜೋಡಿಸಿ, ಲೀಟರಿಗೆ ಎಷ್ಟು ಓಡುತ್ತದೆಂದು ನೋಡಿ ಒಂದೊಂದನ್ನೇ ಹೊರಗೆಸೆಯುತ್ತ ಬಂದಿದ್ದ. ಆಫೀಸಿನವರೆಲ್ಲ ಅವನ ಹೆಸರು ಮರೆತು 'ಮೈಲೇಜ್' ಎಂದೇ ಕರೆಯುತ್ತಿದ್ದರು. ಕೊನೆಗೆ ಗೂಡಿನಲ್ಲಿ ಉಳಿದದ್ದು ಒಂದು ಪುಟ್ಟ ನೀಲಿ ಕಾರು. ಹಳೇ ದರದ್ದು ಒಂದೇ ಒಂದು ಬಾಕಿ, ಅದೂ ಇವತ್ತು ಸಂಜೆ ಆರರವರೆಗೆ. ನಾಳೆಯ ದರ ಅವನ ಕೈಗೆಟುಕುವಂಥದ್ದಲ್ಲ. ಸೋಮವಾರ ಆಫೀಸಿನೆದುರು ಕಾರಿನಿಂದ ಇಳಿಯುವ ಗತ್ತನ್ನು ನೆನೆನೆನೆದು ಅವನ ಎದೆ ಬೆಳಗಿನಿಂದ ಕುಕ್ಕರಿನ ವೆಯ್ಟಿನ ಹಾಗೆ ಕುಣಿಯುತ್ತಿತ್ತು.

ನಾಲ್ಕು ಗಂಟೆಗೆ ಹೊರಡಬೇಕು ಅನ್ನುವಷ್ಟರಲ್ಲಿ ಪಾರ್ಸೆಲ್ ಕೌಂಟರಿನ ಮೇಡಂ ತಡೆದರು.

"ಮೈಲೇಜ್, ಆ ನೀಲಿ ಬಣ್ಣ ಬೇಡಪ್ಪಾ. ಧೂಳು ಎದ್ದು ಕಾಣುತ್ತೆ."

"ಬಣ್ಣ ಪೆಟ್ರೋಲ್ ಕುಡಿಯಲ್ಲ ಮೇಡಂ!"

"ಡಿಕ್ಕೀಲಿ ನನ್ನ ಟಿಫಿನ್ ಡಬ್ಬೀನೂ ಹಿಡಿಸಲ್ವಲ್ಲಯ್ಯಾ," ಎಂದು ಪೋಸ್ಟ್‌ಮಾಸ್ಟರ್ ಕುರ್ಚಿ ಎಳೆದುಕೊಂಡು ಬಂದರು.

ಇಬ್ಬರಿಗೂ ಉತ್ತರ ಕೊಟ್ಟು ಗೆದ್ದು ಬರುವಷ್ಟರಲ್ಲಿ ಅವನ ಮೇಜು ಬೋಳು ತಲೆಯ ಹಾಗೆ ಹೊಳೆಯುತ್ತಿತ್ತು.

"ನನ್ನ ಲಕೋಟೆ?"

"ಎಲ್ಲಾ ಮುದ್ರೆ ಒತ್ತಿ ಚೀಲಕ್ಕೆ ಹಾಕ್ದೆ ಸಾರ್, ಗಾಡಿ ಈಗಷ್ಟೇ ಹೋಯ್ತು," ಎಂದ ಮುದ್ರೆ ಒತ್ತುವವನು. "ಒಂದಕ್ಕೆ ಅಂಚೆಚೀಟೀನೇ ಇರ್ಲಿಲ್ಲ. ಯಾವನೋ ಜುಗ್ಗ! ದಂಡ ಹಾಕಿ ಕಳಿಸಿದೀನಿ."

ಗುಮಾಸ್ತ ಬಾಗಿಲಿಗೆ ಹಾರಿದ. ಪೋಸ್ಟ್‌ಮಾಸ್ಟರ್ ಅಡ್ಡ ನಿಂತರು. "ಚೀಲಕ್ಕೆ ಬಿದ್ದ ಕಾಗದ ಇಲಾಖೇದು. ಅರ್ಜಿ ಬರಿ. ಎರಡು ಪ್ರತಿ. ಚೀಲದ ಅರಗು ಒಡೆಯೋಕೆ ನಾನೂ ಜೊತೇಲಿ ಇರ್ಬೇಕು."

ಹೀಗೆ ಎರಡು ಪ್ರತಿ ಅರ್ಜಿಯೂ ತುಂಬು ದೇಹದ ಪೋಸ್ಟ್‌ಮಾಸ್ಟರೂ ಗುಮಾಸ್ತನ ಸ್ಕೂಟರ್ ಹತ್ತಿದರು. ಸ್ಕೂಟರು ಮೂತಿ ಮೇಲೆತ್ತಿ ಕೆಮ್ಮುತ್ತ ಓಡಿತು. ಎರಡು ಕಚೇರಿ ದಾಟಿ, ಮೂರನೆಯದರ ಮುಂದೆ ಅಂಚೆ ಗಾಡಿ ಸಿಕ್ಕಿತು. ಪೋಸ್ಟ್‌ಮಾಸ್ಟರ್ ಚೀಲ ಬಿಚ್ಚಿಸಿ, ಇನ್ನೂರ ಹನ್ನೆರಡು ಪತ್ರ ಹುಡುಕಿಸಿ, ದಂಡ ವಸೂಲು ಮಾಡಿ, ಸಹಿ ಹಾಕಿಸಿಕೊಂಡ ಮೇಲೆಯೇ ಲಕೋಟೆ ಕೊಟ್ಟರು.

ವಾಪಸು ಬರುವಾಗ ಷೋರೂಮಿಗೆ ಎರಡು ಬೀದಿ ಇರುವಂತೆಯೇ ಸ್ಕೂಟರು ನಿಂತಿತು.

"ಊರಿಗೆಲ್ಲ ಮೈಲೇಜ್ ಹೇಳ್ತೀಯ, ನಿನ್ನ ಗಾಡೀಲಿ ತೊಟ್ಟು ಪೆಟ್ರೋಲಿಲ್ವಲ್ಲೋ!"

"ಸ್ವಲ್ಪ ಹಿಡ್ಕೊಳ್ಳಿ ಸಾರ್!" ಎಂದು ಸ್ಕೂಟರನ್ನು ಮೇಲಧಿಕಾರಿಯ ಕೈಗೇ ಕೊಟ್ಟು ಅವನು ಓಡಿದ.

ಆರಕ್ಕೆ ಐದು ನಿಮಿಷ. ಬೆವರಿನಲ್ಲಿ ಅದ್ದಿದ ಲಕೋಟೆಯನ್ನು ಕೌಂಟರಿನ ಮೇಲಿಟ್ಟ.

"ಅಯ್ಯೋ ಸಾರ್, ಆ ಕಾರು ಹತ್ತು ನಿಮಿಷದ ಹಿಂದೆ ಹೋಯ್ತಲ್ಲ. ಯಾರೋ ಮೇಡಂ ಬುಕ್ ಮಾಡಿದ್ರು."

ಅವನು ಗಾಳಿ ಹೋದ ಟಯರಿನಂತೆ ಕುಸಿದು ಕೂತ.

"ರೀ, ಯಾಕ್ರೀ ನೆಲದ ಮೇಲೆ ಕೂತಿದೀರಾ?"

ತಲೆಯೆತ್ತಿದರೆ ಹೆಂಡತಿ! ಕೈಯಲ್ಲಿ ರಸೀದಿ. "ಪಾರ್ಸೆಲ್ ಮೇಡಂ ಫೋನ್ ಮಾಡಿ ಎಲ್ಲಾ ಹೇಳಿದ್ರು. ಇವತ್ತು ಹೇಗೂ ನನಗೆ ರಜ. ಓಡಿ ಬಂದು ನನ್ನ ಉಳಿತಾಯದಲ್ಲಿ ಮುಂಗಡ ಕಟ್ಟಿದೆ."

"ಹಾಗಾದ್ರೆ ಕಾರು ನಮ್ದೇನಾ?" ಅವನು ಚೆಂಡಿನ ಹಾಗೆ ಪುಟಿದೆದ್ದ. "ಸೋಮವಾರ ಆಫೀಸಿಗೆ..."

"ಹೌದು, ಸೋಮವಾರದಿಂದಲೇ ಆಸ್ಪತ್ರೆ ಡ್ಯೂಟಿಗೆ ಅದರಲ್ಲೇ ಹೋಗ್ತೀನಿ. ನೀವು ಫ್ರಿಜ್ಜಿಗೆ ಅಂಟಿಸಿದ ಹಾಳೇಲೇ ಇದೆಯಲ್ಲಾ, ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸದವರಿಗೆ ಕಾರು ದಂಡ ಅಂತ? ನಿಮ್ಮ ಆಫೀಸು ಮನೆಯಿಂದ ಒಂದೂವರೆ. ನನ್ನ ಆಸ್ಪತ್ರೆ ಹದಿನೆಂಟು, ಮಕ್ಕಳ ಶಾಲೇನೂ ಅದೇ ದಾರಿ. ನಿಮ್ಮ ಲೆಕ್ಕ ಯಾವತ್ತಾದ್ರೂ ತಪ್ಪುತ್ತೇನ್ರೀ?"

ಆ ಹಾಳೆ ಬರೆದದ್ದೂ ಅವನೇ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದದ್ದೂ ಅವನೇ.

ಅಷ್ಟರಲ್ಲಿ ಪೋಸ್ಟ್‌ಮಾಸ್ಟರ್ ಏದುಸಿರು ಬಿಡುತ್ತ ಸ್ಕೂಟರ್ ತಳ್ಳಿಕೊಂಡು ಬಂದರು. "ಏನೋ ಮೈಲೇಜ್, ಕಾರು ಸಿಕ್ತಾ?"

"ಸಿಕ್ತು ಸಾರ್," ಎಂದು ಅವನು ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡ. "ಇಲ್ಲಿ ಪೆಟ್ರೋಲ್ ಬಂಕು ಯಾವ ಕಡೆ?"