ಹಾಲು ಬೇಡ ಎಂದಿದ್ದೆ

ನಾನು ಅಳೆದು ಮಾತಾಡುವವಳು. ನರ್ಸಿಂಗ್ ಕಾಲೇಜಿನಲ್ಲಿ ಸಿಕ್ಕ ಹೊಗಳಿಕೆಯೆಲ್ಲ ಇದಕ್ಕೇ. ಮೈಲೂರಿನ ಮನೆಯಲ್ಲಿ ಅಮ್ಮ ಮಾತ್ರ, "ನಿನ್ನ ಬಾಯಿಗಿ ಬೀಗ ಹಾಕ್ಯಾರೇನ?" ಎನ್ನುತ್ತಾಳೆ. ಬೀದರಿನ ನಮ್ಮ ಆಸ್ಪತ್ರೆಯಿಂದ ಮನೆಗೆ ಹೊರಟ ರೋಗಿಗೆ ಗುಳಿಗೆಯ ತಿಳಿವಳಿಕೆ ಹೇಳಿ, 'ರೋಗಿಗೆ ಅರ್ಥವಾಗಿದೆ' ಎಂಬಲ್ಲಿ ಗುರುತು ಹಾಕುವುದು ನನ್ನ ಕೆಲಸ. ನನ್ನ ಗುರುತುಗಳ ಅಂದವನ್ನು ಹೆಡ್ ಸಿಸ್ಟರ್ ಬೇರೆಯವರಿಗೆ ತೋರಿಸುವುದೂ ಉಂಟು.

ಒಂದು ಬರಗಾಲದ ವರ್ಷ ಎಕಂಬಾದ ಶಾಂತಾಬಾಯಿ ಮೂತ್ರಪಿಂಡದ ಸೋಂಕಿನಿಂದ ಬಂದಿದ್ದಳು. ಜ್ವರ ಇಳಿದ ಮೇಲೆ ಸಿಪ್ರೊಫ್ಲಾಕ್ಸಸಿನ್ ಗುಳಿಗೆ ಕೊಟ್ಟು ನಾಲ್ಕೇ ವಾಕ್ಯ ಹೇಳಿದೆ. ಹಾಲಿನ ಜೊತೆ ಬೇಡ. ನೀರು ಧಾರಾಳವಾಗಿ ಕುಡಿಯಿರಿ. ಬಿಸಿಲಿಗೆ ಹೋಗಬೇಡಿ. ಹಿಮ್ಮಡಿಯ ಹಿಂದೆ ನೋವು ಬಂದರೆ ಗುಳಿಗೆ ನಿಲ್ಲಿಸಿ ತಕ್ಷಣ ಬನ್ನಿ. ಅವಳು "ಹೂಂನ್ರಿ" ಎಂದಳು. ನಾನು ಗುರುತು ಹಾಕಿದೆ. ವಿಶ್ರಾಂತಿಗೆಂದು ಅವಳು ಭಾಲ್ಕಿಯ ತಂಗಿಯ ಮನೆಗೆ ಹೋದಳು. ಗುಣವಾದರೆ ಗಂಡನ ಜೊತೆ ಕಬ್ಬು ಕಡಿಯುವ ತಂಡದಲ್ಲಿ ಹೋಗುವುದಿತ್ತು. ಜೋಡಿಯಿಲ್ಲದ ಗಂಡಸನ್ನು ಆ ತಂಡ ಸೇರಿಸಿಕೊಳ್ಳುವುದಿಲ್ಲ.

ಐದನೆಯ ದಿನ ಅದೇ ಹಾಸಿಗೆಯಲ್ಲಿ ನಡುಗುತ್ತ ಮಲಗಿದ್ದಳು!

"ಹಾಲು ಕುಡಿದಿರಾ?"

"ಇಲ್ರಿ ಅಕ್ಕಾರ, ಹಾಲು ಮುಟ್ಟಿಲ್ಲ. ಗುಳಗಿ ಹೀಟ ಅಲ್ಲೇನ್ರಿ? ದಿನಾ ಎರಡು ಹೊತ್ತು ಮಜ್ಜಿಗಿ ಜೋಡಿ ನುಂಗೀನಿ."

ಮಜ್ಜಿಗೆ! ಹಾಲಿನಲ್ಲಿರುವ ಸುಣ್ಣದಂಶ ಅದರಲ್ಲೂ ಇರುತ್ತದೆ. ಅದು ಔಷಧಿಗೆ ಅಂಟಿಕೊಂಡು, ಮೈಗೆ ಹತ್ತದಂತೆ ಮಾಡುತ್ತದೆ. ಪರೀಕ್ಷೆಯಲ್ಲಿ ಇದನ್ನೇ ಎರಡು ಪುಟ ಬರೆದಿದ್ದೆ.

"ಮತ್ತೆ ನೀರು? ಧಾರಾಳವಾಗಿ ಕುಡಿದಿರಾ?"

ಶಾಂತಾಬಾಯಿ ನನ್ನನ್ನು ಕೂಸನ್ನು ನೋಡುವಂತೆ ನೋಡಿದಳು. "ಎಲ್ಲಿಂದ್ರಿ? ಟ್ಯಾಂಕರ್ ಮೂರು ದಿನಕ್ಕೊಮ್ಮಿ. ಅವರ ಮನ್ಯಾಗ ಏಳು ಮಂದಿ. ಬೀಗರ ಮನಿಗಿ ಹೋಗಿ ಚರಿಗಿ ಚರಿಗಿ ನೀರು ಕೇಳಿದರ ನನ್ನ ತಂಗಿಗಿ ಅವರು ಏನಂತಾರ್ರಿ? ಮಜ್ಜಿಗಿ ಅವರೇ ಕೊಡ್ತಾರ. ಎಮ್ಮಿ ಹಿಂಡಿದರ ಏನಾರ ಬರ್ತದ, ನಳ ತಿರುವಿದರ ಬರೇ ಗಾಳಿ."

ಬರಗಾಲದ ಊರಿಗೆ ಧಾರಾಳ ನೀರು, ಕಬ್ಬು ಕಡಿಯುವವಳಿಗೆ ನೆರಳು. ನಾನು ಹೇಳಿಕೊಟ್ಟ ಪಥ್ಯವದು! ಡಾಕ್ಟರು ಸಲೈನ್ ಹಚ್ಚಿ, ಇಂಜೆಕ್ಷನ್ ಬರೆದು, ಇನ್ನೂ ಒಂದು ವಾರ ಎಂದರು. ಕಬ್ಬು ಕಡಿಯುವ ತಂಡದ ಲಾರಿ ಮರುದಿನ ಅವಳನ್ನೂ ಅವಳ ಗಂಡನನ್ನೂ ಬಿಟ್ಟು ಹೋಯಿತು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯ ಸಲ ಮನೆಗೆ ಹೊರಟಾಗ ಅದೇ ಗುಳಿಗೆ ಕೊಟ್ಟು, ಪಕ್ಕದಲ್ಲಿ ಕೂತು ಮುಕ್ಕಾಲು ತಾಸು ಮಾತಾಡಿದೆ. ಹಾಲು, ಮೊಸರು, ಮಜ್ಜಿಗೆ, ಹಾಲು ಹಾಕಿದ ಚಹಾ, ಒಂದೊಂದನ್ನೂ ಹೆಸರು ಹಿಡಿದು ಹೇಳಿದೆ. ದಿನಕ್ಕೆ ಎಷ್ಟು ಚರಿಗೆ ನೀರೆಂದು ಅವಳ ತಂಗಿಯ ಅತ್ತೆಗೇ ಫೋನಿನಲ್ಲಿ ಹೇಳಿದೆ. ಕೊನೆಗೆ, "ಈಗ ನೀವು ಹೇಳಿ ನೋಡೋಣ," ಎಂದೆ.

ಶಾಂತಾಬಾಯಿ ಒಂದೂ ತಪ್ಪದೆ ಒಪ್ಪಿಸಿ, ನನ್ನ ಕೈಯ ಪೆನ್ನನ್ನೇ ನೋಡುತ್ತ ಕೇಳಿದಳು: "ನನಗ ತಿಳೀತ್ರಿ ಅಕ್ಕಾರ. ನಿಮಗ ತಿಳೀತೇನ್ರಿ?"

ತಿಳಿಯಿತೆಂದೆ. ಆ ದಿನದ ಗುರುತು ಮಾತ್ರ ಸ್ವಲ್ಪ ಸೊಟ್ಟಗಾಯಿತು. ಹೆಡ್ ಸಿಸ್ಟರ್ ಅದನ್ನು ಯಾರಿಗೂ ತೋರಿಸಲಿಲ್ಲ.