ಮುಳುಗಿದ ಸೇತುವೆ, ಮುಳುಗದ ಅಭಿಪ್ರಾಯಗಳು

ಅಭಿಪ್ರಾಯವಿಲ್ಲದ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ. ಸೇಡಂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದು ಚಹಾ ಮುಗಿಯುವುದರೊಳಗೆ ದೆಹಲಿಯ ಸರ್ಕಾರ ಬಿದ್ದು, ಎದ್ದು, ಇನ್ನೊಮ್ಮೆ ಬಿದ್ದಿರುತ್ತದೆ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವ ನನಗೆ ಇದರಿಂದ ಬೇಜಾರೇನೂ ಇರಲಿಲ್ಲ. ಹೋಟೆಲಿನಲ್ಲಿ ಹರಟುವವರು ಎದುರಿಗೆ ಕೂತವನ ಮುಖ ನೋಡಿ ಬೈಯುತ್ತಾರೆ; ಅವನು ಚಹಾ ಮುಟ್ಟದೆ ಕೂತಿದ್ದರೆ "ಯಾಕ್ರಿ ಸರ್, ಅರಾಮಿಲ್ಲೇನು?" ಎಂದು ಕೇಳಿ, ಆಮೇಲೆ ಬೈಗುಳ ಮುಂದುವರಿಸುತ್ತಾರೆ. ಊರಿಗೆ ಇಂಟರ್ನೆಟ್ ಬಂದ ಮೇಲೆ ನನಗೆ ಮುಖವೇ ಇಲ್ಲದ ಅಭಿಪ್ರಾಯಗಳ ಪರಿಚಯವಾಯಿತು. ಆಗ ಏರಿದ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಹೆಂಡತಿ ಸುಧಾ ಹಳ್ಳದ ಆಚೆಯ ಊರಿನಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಹೋಗಿಬರಬೇಕು. ನಡುವೆ ಒಂದು ಕುಳ್ಳ ಸೇತುವೆ. ಜೋರು ಮಳೆಯಾದರೆ ನೀರು ಅದರ ಮೇಲೇ ಹರಿಯುತ್ತದೆ. ಆಗ ದಾಟಬೇಕೋ ಬೇಡವೋ ಎಂಬುದಕ್ಕೆ ನಮ್ಮ ಕಡೆ ಒಂದು ರೂಢಿಯಿದೆ. ಸೇತುವೆಯ ಅಂಚಿಗೆ ನೆಟ್ಟ, ಸುಣ್ಣ ಬಳಿದ ಕಲ್ಲುಗಳ ತಲೆ ನೀರಿನ ಮೇಲೆ ಕಂಡರೆ ಬಸ್ಸು ಹೋಗಬಹುದು. ಆ ಶನಿವಾರ ಅವಳ ಶಾಲೆಯಲ್ಲಿ ನನ್ನ ಭಾಷಣವಿತ್ತು, ನಾನೂ ಜೊತೆಗೆ ಹೊರಟಿದ್ದೆ. ಹಳ್ಳ ತುಂಬಿ ಬಂದಿತ್ತು. ಡ್ರೈವರ್ ಶರಣಪ್ಪ ಬಸ್ಸು ನಿಲ್ಲಿಸಿ, ಹಿಂದಕ್ಕೆ ತಿರುಗಿ, "ಕಲ್ಲ ಕಾಣ್ಲಿಕತ್ತಾವೇನ್ರಪಾ?" ಎಂದ. ಎಡಗಡೆ ಕೂತವರೆಲ್ಲ "ಕಾಣ್ಲಿಕತ್ತಾವ, ನಡಿ ನಡಿ!" ಎಂದರು. ನಾವಿದ್ದದ್ದು ಬಲಗಡೆ. ನಾನು ಎದ್ದು ನಿಂತು, "ಈ ಕಡಿ ಒಂದೂ ಕಾಣವಲ್ದು!" ಎಂದು ಕೂಗಿದೆ. "ಸರ್, ಮೆಜಾರಿಟಿ ಆಗ್ಯದ, ಕುಂದ್ರಿ" ಎಂದ ಹಿಂದಿನ ಸೀಟಿನವನೊಬ್ಬ. ಬಸ್ಸಿಗೆ ಬಸ್ಸೇ ನಕ್ಕಿತು. ವರ್ಷಾನುಗಟ್ಟಲೆ ಬಹುಮತದ ಮಹಿಮೆಯನ್ನು ಪಾಠ ಹೇಳಿದ ನಾನು ತೆಪ್ಪಗೆ ಕೂತೆ.

ನಡುನೀರಿನಲ್ಲಿ ಹಿಂದಿನ ಗಾಲಿ ಬಲಕ್ಕೆ ಜಾರಿತು. ಆ ಕಡೆಯ ಕಲ್ಲುಗಳು ಅಂಚಿನ ಸಮೇತ ಕೊಚ್ಚಿಹೋಗಿದ್ದವು. ಬಸ್ಸು ವಾಲಿತು; ನನ್ನ ಕಿಟಕಿಯ ತುಂಬ ನೀರು, ಆಕಾಶವೇ ಇಲ್ಲ. ಸುಧಾ ನನ್ನ ತೋಳು ಹಿಡಿದಳೋ, ನಾನೇ ಅವಳದು ಹಿಡಿದೆನೋ ಗೊತ್ತಿಲ್ಲ. ಶರಣಪ್ಪ ಹೇಗೋ ಎಳೆದು ದಡ ಮುಟ್ಟಿಸಿದ. ಈಗಲೂ ಕಣ್ಣು ಮುಚ್ಚಿದರೆ ಆ ಕಿಟಕಿ ವಾಲುತ್ತದೆ; ಮಂಚದ ಮೇಲೆ ಮಲಗಿದ್ದರೂ ಎಡಕ್ಕೆ ಸರಿದು ಗೋಡೆ ಹಿಡಿಯುತ್ತೇನೆ.

ಸೋಮವಾರ ಅವಳು ಮತ್ತೆ ಅದೇ ಬಸ್ಸು ಹತ್ತಬೇಕು, ಮಳೆ ನಿಂತಿರಲಿಲ್ಲ. "ರಜಾ ಹಾಕು" ಎಂದೆ. "ಪರೀಕ್ಷಿ ಅದಾವ್ರಿ, ಹುಡುಗ್ರು ಬಂದು ಕುಂತಿರ್ತಾವ" ಎಂದಳು. ನಾನು ಭಾನುವಾರವೇ ನೆಟ್ ಸೆಂಟರಿಗೆ ಹೋಗಿ, ನಾಡಿನ ಬುದ್ಧಿವಂತರೆಲ್ಲ ಸೇರುವ ಒಂದು ಚರ್ಚೆಯ ಪುಟದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟಿ, ನಡೆದದ್ದನ್ನೆಲ್ಲ ಬರೆದು, ಇಂಥ ಬಸ್ಸನ್ನು ತಡೆಯುವುದು ಹೇಗೆ ಎಂದು ಕೇಳಿದೆ. ಒಬ್ಬ, ನಿಮ್ಮ ಊರು ಯಾವ ರಾಜ್ಯದಲ್ಲಿದೆ ಎಂದ. ಇನ್ನೊಬ್ಬ, ಮಳೆ ಬರದಿದ್ದರೂ ಅಳುತ್ತೀರಿ, ಬಂದರೂ ಅಳುತ್ತೀರಿ ಎಂದ. ಮತ್ತೊಬ್ಬನಿಗೆ ಫೋಟೋ ಇಲ್ಲದೆ ನಂಬಿಕೆ ಬರಲಿಲ್ಲ. ಅಯ್ಯಾ ಮಹಾರಾಯ, ಜೀವ ಕೈಯಲ್ಲಿ ಹಿಡಿದವನು ಕ್ಯಾಮೆರಾವನ್ನು ಯಾವ ಕೈಯಲ್ಲಿ ಹಿಡಿಯಬೇಕು? ಇನ್ನಿಬ್ಬರು ತಂತಮ್ಮ ಪಕ್ಷದ ಪರ ಜಗಳಕ್ಕೆ ಬಿದ್ದು, ನನ್ನ ಬಸ್ಸನ್ನು ನಡುನೀರಿನಲ್ಲೇ ಬಿಟ್ಟು ಅಣುಬಾಂಬಿನ ಕಡೆ ಹೊರಟುಹೋದರು. ಹೆಂಡತಿ ಮುಳುಗುತ್ತಾಳೆ ಎಂದರೆ ಇವರಿಗೆ ವ್ಯಂಗ್ಯ ಹೊಳೆಯುತ್ತದೆ! ಒಬ್ಬೊಬ್ಬನಿಗೂ ಉತ್ತರ ಬರೆದೆ. ಸೋಮವಾರ ಕಾಲೇಜು ಮುಗಿಸಿ ಹೋಗಿ ಮತ್ತೆ ಬರೆದೆ.

ಮನೆಗೆ ಬಂದರೆ ಸುಧಾ ಆಗಲೇ ಬಂದಿದ್ದಾಳೆ. "ಬಸ್ ದಾಟಲಿಲ್ಲೇನು?" ಎಂದೆ.

"ಎಲ್ಲಿ ದಾಟತದ್ರಿ! ಶರಣಪ್ಪ ಮತ್ತ ಕಲ್ಲಿನ ಮಾತ ತಗದ. ನಾ ಎದ್ದು, 'ಶರಣಪ್ಪಣ್ಣ, ನಿಮ್ಮ ಮ್ಯಾಲ ಭಾಳ ಭರೋಸಾ ಅದ. ನಾವು ಹೆಣ್ಮಕ್ಕಳು ಇಲ್ಲೇ ಇಳದು ನಿಂದ್ರತೀವಿ, ನೀವು ದಾಟಿ ತೋರಸ್ರಿ' ಅಂದೆ. ನಾವು ಇಳದ್ವಿ. ನಡಿ ನಡಿ ಅಂದವ್ರೂ ಒಬ್ಬೊಬ್ರೇ ಇಳದ್ರು."

"ಆಮ್ಯಾಲ?"

"ಖಾಲಿ ಬಸ್ಸಿನಾಗ ಅಂವ ಒಬ್ಬನೇ. ನೀರ ನೋಡಿದ, ನಮ್ಮನ್ನ ನೋಡಿದ. ಗಾಡಿ ಬಂದ್ ಮಾಡಿ, 'ಅಕ್ಕೋರೆ, ಚಾ ಕುಡ್ಯೂಣ ಬರ್ರಿ' ಅಂದ."

"ಸರ್ಕಾರಕ್ಕ ಏನೂ ಅನಲಿಲ್ಲೇನು?"

"ಬಸ್ ಇಳೀಲಿಕ್ಕ ಸರ್ಕಾರ ಯಾಕ್ ಬೇಕ್ರಿ?"

ಅಂದಿನಿಂದ ಹಳ್ಳ ಬಂದರೆ ಜನ ತಾವೇ ಇಳಿದುಬಿಡುತ್ತಾರೆ, ಬಸ್ಸು ದಡದಲ್ಲೇ ನಿಲ್ಲುತ್ತದೆ. ನಾನಂತೂ ಸುಧಾ ಬಸ್ಸು ನಿಲ್ಲಿಸಿದ ಸುದ್ದಿಯನ್ನು ಆ ಬುದ್ಧಿವಂತರ ಮುಖಕ್ಕೆ ಹೊಡೆಯಬೇಕೆಂದು ಮರುದಿನವೇ ನೆಟ್ ಸೆಂಟರಿಗೆ ಓಡಿದ್ದೆ. ಅಲ್ಲಿ ಯಾರೋ ಹೊಸಬ, ಗಾಳಿಗೆ ಕರೆಂಟಿನ ಕಂಬ ತನ್ನ ಮನೆಯ ಮೇಲೆ ವಾಲಿದೆ, ಏನು ಮಾಡಲಿ ಎಂದು ಕೇಳಿದ್ದ. ಪಾಪ ಎನಿಸಿತು. ನನ್ನದನ್ನು ಬದಿಗಿಟ್ಟು ಅವನಿಗೆ ಮನಸಾರೆ ಬರೆದೆ: ಇಲಾಖೆಗಳ ಬೇಜವಾಬ್ದಾರಿ, ಮಂತ್ರಿಗಳ ಯೋಗ್ಯತೆ, ಮತದಾರರ ಮರೆವು, ಒಂದನ್ನೂ ಬಿಡಲಿಲ್ಲ. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನೆನಪಾಯಿತು. ಮೊದಲು ಎಲ್ಲರೂ ಮನೆಯಿಂದ ಹೊರಗೆ ಬನ್ನಿ ಎನ್ನುವುದನ್ನೇ ಬರೆದಿರಲಿಲ್ಲ! ಬಿಟ್ಟ ಚಪ್ಪಲಿ ಮೆಟ್ಟಿ ವಾಪಸು ಓಡಿದೆ. ಅಷ್ಟರಲ್ಲಾಗಲೇ ನನ್ನ ಬರಹದ ಕೆಳಗೆ ಯಾರೋ ಬರೆದಿದ್ದರು: "ಸರಿಯಾಗಿ ಹೇಳಿದಿರಿ."