ಬೀಗ ಮೆಚ್ಚಿದ ಬೆರಳು

ಬೆರಳಿಟ್ಟರೆ ಮಾತ್ರ ತೆರೆಯುವ ಸ್ಮಾರ್ಟ್ ಬೀಗವನ್ನು ನಮ್ಮ ಮನೆಗೆ ಹಾಕಿಸಿಯೇ ತೀರುತ್ತೇನೆಂದು ನಾನು ಶಪಥ ಮಾಡಿದ್ದು ಕಳ್ಳರ ಭಯಕ್ಕಲ್ಲ, ಭಾವಮೈದ ಲೋಕೇಶನ ಭಯಕ್ಕೆ! ಕಳ್ಳ ಒಂದು ಸಲ ದೋಚಿಕೊಂಡು ಹೋಗುತ್ತಾನೆ. ಲೋಕೇಶ ದಿನಾ ಬರುತ್ತಾನೆ. ನಮ್ಮ ಬೀಗದಕೈ ತುಳಸಿಕಟ್ಟೆಯ ಸಂದಿಯಲ್ಲಿರುವುದು ಇಡೀ ಅಕ್ಕೂರಿಗೇ ಗೊತ್ತು. ನಾವಿಲ್ಲದಾಗ ಒಳಹೊಕ್ಕು, ಸಾರಿನ ಪಾತ್ರೆಯ ತಳ ಕಾಣಿಸಿ, ನನ್ನ ಮಂಚದಲ್ಲೇ ಹೆಂಚು ಹಾರುವಂತೆ ಗೊರಕೆ ಹೊಡೆಯುತ್ತಾನೆ.

"ನೋಡ್ತಿರು, ಇನ್ಮೇಲೆ ಬೀಗದಕೈಯೇ ಇರಾಕಿಲ್ಲ. ನಮ್ಮಿಬ್ರು ಬೆರಳು ಬುಟ್ರೆ ಆ ಬ್ರಹ್ಮ ಬಂದ್ರೂ ಬಾಗ್ಲು ತೆಗ್ಯಾಕಿಲ್ಲ!" ಎಂದು ಹೆಂಡತಿ ಚಿಕ್ಕಲಕ್ಷ್ಮಮ್ಮನ ಮುಂದೆ ಮೀಸೆ ತಿರುವಿದೆ.

"ನನ್ ತಮ್ಮ ಒಂದ್ ತುತ್ತು ತಿಂದ್ರೆ ನಿಮ್ಗೆ ಹೊಟ್ಟೆನೋವಾ?"

"ಅವನ ಒಂದ್ ತುತ್ತು ಆನೆಗೂ ಅಜೀರ್ಣ ಕಣೇ!"

ಚನ್ನಪಟ್ಟಣದಿಂದ ನಿಯಾಜ್ ಬೀಗ ಕೂರಿಸಲು ಬಂದ. ಅಜ್ಜನ ಕಾಲದ ಹಲಸಿನ ಬಾಗಿಲಿಗೆ ಡ್ರಿಲ್ ಇಟ್ಟ. ಡ್ರಿಲ್ ಕಿರುಚಿತು, ಹೊಗೆಯಾಡಿತು, ಮುರಿಯಿತು. ಬಾಗಿಲು ಆಕಳಿಸಲೂ ಇಲ್ಲ.

"ಇದು ಬಾಗ್ಲಾ, ಕೋಟೆನಾ ಯಜಮಾನ್ರೇ?" ಎನ್ನುತ್ತಾ ಉಳಿ ಹಿಡಿದು, ಹಳೇ ಬೀಗ ಕಿತ್ತೆಸೆದು, ಅಂತೂ ಹೊಸದನ್ನು ಕೂರಿಸಿದ. "ಈಗ ಬೆರಳಿಡಿ."

ಇಟ್ಟೆ. ಬೀಗ ಕೆಂಗಣ್ಣು ಬಿಟ್ಟು 'ಕುಂಯ್' ಎಂದಿತು. ಹತ್ತೂ ಬೆರಳಿಟ್ಟೆ, 'ಕುಂಯ್'! ಕಾಲ ಹೆಬ್ಬೆರಳನ್ನೂ ಇಡುತ್ತಿದ್ದೆ, ಸೊಂಟ ಒಪ್ಪಲಿಲ್ಲ.

ನಿಯಾಜ್ ನನ್ನ ಕೈ ಹಿಡಿದು ನೋಡಿದ. "ಗೆರೇನೇ ಇಲ್ವಲ್ರೀ!"

ಎಲ್ಲಿಂದ ಬರಬೇಕು? ಆಯುಷ್ಯವೆಲ್ಲ ಸುಡುನೀರಿಗೆ ಕೈಯಿಟ್ಟು ಗೂಡಿನಿಂದ ರೇಷ್ಮೆ ನೂಲು ಬಿಚ್ಚಿದವರು ನಾವಿಬ್ಬರೂ. ನಮ್ಮ ಗೆರೆಗಳೆಲ್ಲ ಯಾರದೋ ಸೀರೆಯಾಗಿ ಮದುವೆಮನೆ ಸೇರಿವೆ! ಚಿಕ್ಕಲಕ್ಷ್ಮಮ್ಮನ ಬೆರಳಿಗೂ 'ಕುಂಯ್'.

ಅಷ್ಟರಲ್ಲಿ ಕೋಳಿಸಾರಿನ ವಾಸನೆ ಹಿಡಿದು ಲೋಕೇಶ ಬಂದ. "ಏನ್ ಭಾವ, ಹೊಸ ಕಾಲಿಂಗ್ ಬೆಲ್ಲಾ?" ಎಂದು ಒತ್ತಿದ, ಮತ್ತೆ ಮತ್ತೆ ಒತ್ತಿದ. ಹುಟ್ಟಿದಾಗಿನಿಂದ ಕೆಲಸ ಕಾಣದ ಬೆಣ್ಣೆಯಂಥ ಬೆರಳು! ಬೀಗ ಹಸಿರಾಗಿ ಹಾಡೇ ಹಾಡಿತು.

"ಆಯ್ತು, ಇವ್ರನ್ನೇ ಯಜಮಾನ್ರು ಅಂತ ಒಪ್ಕಂಬುಡ್ತು" ಎಂದ ನಿಯಾಜ್.

"ಅಳ್ಸಪ್ಪಾ ಬೇಗ!"

"ಅಳ್ಸುದ್ರೆ ಆಮೇಲೆ ಯಾರ ಬೆರಳು ಇಡ್ತೀರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ, ವಾಲಿಕೊಂಡೇ ಇದ್ದ ಹಳೇ ಬಾಗಿಲು ತಾನಾಗಿ ಮುಚ್ಚಿಕೊಂಡು 'ಟಕ್' ಎಂದಿತು. ನಾವೆಲ್ಲ ಹೊರಗೆ. ಕೋಳಿಸಾರು ಒಳಗೆ, ಉರಿಯುವ ಒಲೆಯ ಮೇಲೆ!

"ಲೋಕೇಶಪ್ಪಾ, ಒಸಿ ಬೆರಳಿಡಪ್ಪಾ" ಎಂದು ಅಂಗಲಾಚಿದೆ.

ಅವನು ಜಗಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ. "ತೊಡೆ ಪೀಸು ಯಾರ್ಗೆ ಭಾವ?"

"ನಿನ್ಗೇ."

"ಮಂಚ?"

"ಅದೂ ನಿನ್ಗೇ! ಸೀದೋಯ್ತಾ ಐತೆ, ತೆಗ್ಯೋ!"

ಅಂದಿನಿಂದ ನಾವು ಹೊರಗೆ ಹೋಗಿ ಬಂದರೆ ಅವನಿಗಾಗಿ ಕಾಯಬೇಕು. ಆ ಕಷ್ಟವೇಕೆಂದು ಅವನು ನಮ್ಮಲ್ಲೇ ಬೀಡುಬಿಟ್ಟಿದ್ದಾನೆ. ನಾನು ಚಾಪೆಗೆ ಇಳಿದಿದ್ದೇನೆ. ಮೊನ್ನೆ ತಡೆಯಲಾರದೆ, "ತಿಂದ ತಟ್ಟೆನಾದ್ರೂ ತೊಳ್ಯೋ" ಎಂದೆ.

ಅಡುಗೆಮನೆಯಿಂದ ಚಿಕ್ಕಲಕ್ಷ್ಮಮ್ಮ ಹೌಹಾರಿ ಓಡಿಬಂದಳು. "ಬುದ್ಧಿ ಐತಾ ನಿಮ್ಗೆ? ಅವನ ಬೆರಳು ಸವೆದೋದ್ರೆ ನಾವು ಬೀದೀಲಿ ಮಲಗ್ಬೇಕಾಯ್ತದೆ!"

ತಟ್ಟೆಯನ್ನು ನಾನೇ ತೊಳೆದೆ. ನನ್ನ ಬೆರಳಲ್ಲಿ ಸವೆಯಲು ಇನ್ನೇನಿದೆ?